ದುಡಿಮೆಗೆ ಎಷ್ಟು ಅಂಕ?

ಮಾನ್ಯ ಸಂಪಾದಕರೇ,

ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಅಪಾಯ ಅಳೆಯುವ ಒಂದು ನಮೂನೆ ಇರುತ್ತದೆ. 30 ವರ್ಷ ದಾಟಿದ ಎಲ್ಲರದ್ದೂ ಅದರಲ್ಲಿ ತುಂಬಬೇಕು. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆಗಳು ಇವೆಯೇ ಎಂಬುದು, ಹೀಗೆ ಒಂದೊಂದಕ್ಕೂ ಅಂಕ. ಕೂಡಿಸಿದಾಗ 4 ದಾಟಿದರೆ ಅಂಥವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಇದೇ ಪಟ್ಟಿಯಲ್ಲಿ, ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ ಎಂಬ ಪ್ರಶ್ನೆಯೂ ಇದೆ. ಹೌದು ಎಂದರೆ ಸೊನ್ನೆ, ಇಲ್ಲ ಎಂದರೆ 1.

ನೋಡಲು ಸಣ್ಣ ಪ್ರಶ್ನೆ, ತಪ್ಪಾಗಿ ತುಂಬುವುದು ಮಾತ್ರ ಬಲು ಸುಲಭ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಬೆನ್ನು ನೆಲಕ್ಕೆ ಹಾಕುವ ಗೃಹಿಣಿ, ‘ಎಲ್ಲಿ ವಾಕಿಂಗು ಅಕ್ಕ, ಕೂರೋಕೂ ಪುರುಸೊತ್ತಿಲ್ಲ’ ಎನ್ನುತ್ತಾರೆ. ‘ಇಲ್ಲ’ ಎಂದು ಗುರುತು ಬೀಳುತ್ತದೆ. ಗಾರೆ ಕೆಲಸದವರು, ‘ದಿನವೆಲ್ಲ ಮೈ ಮುರಿಯೋದೇ ಆಯ್ತಲ್ಲ, ಇನ್ನೇನು ವ್ಯಾಯಾಮ’ ಎಂದು ನಗುತ್ತಾರೆ. ‘ಹೌದು’ ಎಂದು ಗುರುತು ಬೀಳುತ್ತದೆ. ಗೃಹಿಣಿಯ ವಾರದಲ್ಲಿ 400 ನಿಮಿಷ ಇರಬಹುದು. ಗಾರೆಯವರ ಗುಂಡಿಗೆಗೆ ಆ ದುಡಿಮೆಯಿಂದ ಎಳ್ಳಷ್ಟೂ ಲಾಭ ಆಗದಿರಬಹುದು. ಈ ಎರಡು ಗುರುತುಗಳ ಬಗ್ಗೆಯೇ ಈ ಪತ್ರ.

ಮೊದಲು ಮನೆಗೆಲಸ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ‘ಮೆಟ್’ ಎಂದು ಹಿಡಿಯುತ್ತಾರೆ. ಅದರ ಮೂರು ಪಟ್ಟಿನಿಂದ ಆರು ಪಟ್ಟಿನೊಳಗೆ ಇದ್ದರೆ ಮಧ್ಯಮ ಶ್ರಮ, ಆರು ಮತ್ತು ಅದಕ್ಕೂ ಮೇಲಾದರೆ ಬಿರುಸಿನ ಶ್ರಮ. 150 ನಿಮಿಷದ ಲೆಕ್ಕಕ್ಕೆ ಬರುವುದು ಮೂರರಿಂದ ಮೇಲಿನದು ಮಾತ್ರ. ಒಲೆಯ ಮುಂದೆ ನಿಂತು ಅಡುಗೆ ಮಾಡುವುದು ಸುಮಾರು 2 ಮೆಟ್, ಪಾತ್ರೆ ತೊಳೆಯುವುದೂ ಅಷ್ಟೇ. ಕಸ ಗುಡಿಸುವುದು 3.3, ನೆಲ ಒರೆಸುವುದು 3.5, ಕೈಯಲ್ಲಿ ಬಟ್ಟೆ ಒಗೆಯುವುದು 4ರ ಹತ್ತಿರ. ಸಾಧಾರಣ ವೇಗದ ನಡಿಗೆಯೂ 3.5ರ ಆಸುಪಾಸು. ಎಂದರೆ ನೆಲ ಒರೆಸುವುದಕ್ಕೂ ಪಾರ್ಕಿನಲ್ಲಿ ಸುತ್ತು ಹಾಕುವುದಕ್ಕೂ ಹೃದಯ ವ್ಯತ್ಯಾಸ ಮಾಡುವುದಿಲ್ಲ. ಶೂ ಹಾಕಿದ್ದೀರೋ ಇಲ್ಲವೋ ಅದು ಕೇಳುವುದಿಲ್ಲ.

ಈಗ ಗಡಿಯಾರ ಹಿಡಿದು ಕೂಡಿಸಿ. ದಿನಕ್ಕೆ 20 ನಿಮಿಷ ಗುಡಿಸುವುದು, 15 ನಿಮಿಷ ಒರೆಸುವುದು, 30 ನಿಮಿಷ ಕಲ್ಲಿನ ಮೇಲೆ ಬಟ್ಟೆ ಕುಕ್ಕುವುದು ಇದ್ದರೆ 65 ನಿಮಿಷ, ವಾರಕ್ಕೆ 455. ಈ ಮನೆಯೊಡತಿಗೆ ‘ಇಲ್ಲ’ ಎಂದು ಗುರುತು ಹಾಕುವುದು ತಪ್ಪು. ಬಟ್ಟೆ ವಾಷಿಂಗ್ ಮಷಿನ್ನಿಗೆ ಹೋಗಿ, ಒರೆಸಲು ಕೆಲಸದವರು ಬಂದು, ಹತ್ತು ನಿಮಿಷದ ಗುಡಿಸುವಿಕೆ ಮಾತ್ರ ಉಳಿದ ಮನೆಯಲ್ಲಿ ಅದು ವಾರಕ್ಕೆ 70. ಬಾಯಲ್ಲಿ ಎರಡೂ ‘ಮನೆಗೆಲಸ’ವೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಆ 289ರಲ್ಲಿ ಬಹುಪಾಲು ಒಲೆ, ಸಿಂಕು, ಮೊರದ ಮುಂದೆ ನಿಂತು ಕೂತು ಕಳೆಯುವ ಹೊತ್ತು. ಸುಸ್ತು ಪೂರ್ತಿ, ಲೆಕ್ಕ ಅರೆಬರೆ. ಉತ್ತರ ಐರ್ಲೆಂಡ್‌ನಲ್ಲಿ 4,500ಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ಅಧ್ಯಯನವೊಂದು (2013) ಮನೆಗೆಲಸವನ್ನೇ ತಮ್ಮ ವ್ಯಾಯಾಮದ ಲೆಕ್ಕದಲ್ಲಿ ಹೆಚ್ಚಾಗಿ ಸೇರಿಸಿದವರ ತೂಕ ಹೆಚ್ಚಿದ್ದುದನ್ನು ಕಂಡಿತು. ಕೆಲಸ ಹಗುರವಿದ್ದರೂ ಬಿರುಸೆಂದು ಎಣಿಸಿರಬಹುದು, ಇಲ್ಲವೇ ಇಷ್ಟು ದುಡಿದಿದ್ದೇನಲ್ಲ ಎಂದು ಒಂದು ತುತ್ತು ಹೆಚ್ಚು ಉಂಡಿರಬಹುದು.

ದಣಿವು ವ್ಯಾಯಾಮದ ಗುರುತಲ್ಲ ಎಂಬುದನ್ನು ಒತ್ತಿ ಹೇಳಬೇಕು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿದ ಟೈಲರ್, ಹನ್ನೆರಡು ತಾಸು ಆಟೊ ಓಡಿಸಿದವರು, ಅಂಗಡಿಯಲ್ಲಿ ನಿಂತೇ ಇದ್ದ ಹುಡುಗಿ ಎಲ್ಲರೂ ದಣಿಯುತ್ತಾರೆ. ಅವರ ಎದೆಬಡಿತ ಮಾತ್ರ ಕುರ್ಚಿಯಲ್ಲಿ ಕೂತವರದ್ದಕ್ಕಿಂತ ಹೆಚ್ಚೇನೂ ಏರಿರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ರಕ್ತ ಕಡಿಮೆ ಇದ್ದವರಿಗೆ ಎರಡು ಕೊಡ ನೀರು ತಂದರೂ ಏದುಸಿರು ಬರುತ್ತದೆ. ಅಂಥವರಿಗೆ ಮೊದಲು ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಆಮೇಲೆ ವಾಕಿಂಗ್ ಸಲಹೆ.

ಇನ್ನು ಕೂಲಿ, ಹಮಾಲಿ, ಗಾರೆ, ಕಬ್ಬು ಕಡಿಯುವವರ ವಿಷಯ. ಇಲ್ಲಿ ಕಥೆ ತಿರುವು ಪಡೆಯುತ್ತದೆ. ದುಡಿಮೆ ಹೃದಯಕ್ಕೆ ಒಳ್ಳೆಯದು ಎಂದು ವಿಜ್ಞಾನ ಮೊದಲು ಹೇಳಿದ್ದೇ ಕೆಲಸಗಾರರನ್ನು ನೋಡಿ. ಲಂಡನ್ನಿನ ಜೆರೆಮಿ ಮಾರಿಸ್ 1953ರಲ್ಲಿ ಎರಡು ಮಹಡಿ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿದರು. ಕೂತೇ ಇರುವ ಚಾಲಕರಿಗೆ ಹೋಲಿಸಿದರೆ, ಟಿಕೆಟ್ ಹರಿಯುತ್ತ ದಿನಕ್ಕೆ 500–750 ಮೆಟ್ಟಿಲು ಹತ್ತುವ ನಿರ್ವಾಹಕರಿಗೆ ಹೃದಯಾಘಾತ ಕಡಿಮೆ, ಬಂದರೂ ಸಾವು ಕಡಿಮೆ. ಇಂದಿನ ಎಲ್ಲ ವಾಕಿಂಗ್ ಸಲಹೆಗಳ ಬೇರು ಆ ಬಸ್ಸಿನ ಏಣಿಯಲ್ಲಿದೆ. ಆಮೇಲೆ ಡೆನ್ಮಾರ್ಕಿನ ಆಂದ್ರೆಯಾಸ್ ಹೊಲ್ಟರ್‌ಮನ್ ಮುಂತಾದವರು ಬೇರೆಯದೇ ಚಿತ್ರ ಕಂಡರು. 2018ರಲ್ಲಿ 17 ಅಧ್ಯಯನಗಳ ಸುಮಾರು 1.93 ಲಕ್ಷ ಜನರ ಲೆಕ್ಕ ಒಟ್ಟುಗೂಡಿಸಿದಾಗ, ಕೆಲಸದಲ್ಲಿ ಭಾರೀ ಶ್ರಮಪಡುವ ಗಂಡಸರಿಗೆ ಬೇಗ ಸಾಯುವ ಅಪಾಯ ಶೇ 18ರಷ್ಟು ಹೆಚ್ಚಿತ್ತು. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಇದು ಪೂರ್ತಿ ತೀರ್ಮಾನವಾದ ಮಾತಲ್ಲ. ಬಡತನ, ಬೀಡಿ, ನಿದ್ದೆಗೇಡು ಎಲ್ಲವನ್ನೂ ಲೆಕ್ಕದಿಂದ ಕಳೆಯುವುದು ಕಷ್ಟ, ಮತ್ತು ನಾರ್ವೆಯ ದೊಡ್ಡ ಅಧ್ಯಯನವೊಂದು (2021) ಶ್ರಮದ ಕೆಲಸದ ಗಂಡಸರೇ ಹೆಚ್ಚು ಬಾಳಿದರು ಎಂದಿತು. ಆದರೂ ‘ಮೈ ಬಗ್ಗಿಸಿ ದುಡಿಯುವವನಿಗೆ ರೋಗ ಬರಲ್ಲ’ ಎಂಬ ಮಾತನ್ನು ಕಣ್ಣು ಮುಚ್ಚಿ ನಂಬುವ ಕಾಲ ಮುಗಿಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಗುಂಡಿಗೆಯ ಬಗ್ಗೆ ಏನೂ ಹೇಳಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ನಮ್ಮ ಗರಡಿಮನೆಯಲ್ಲೇ ಒಳ್ಳೆಯ ಉತ್ತರ ಇದೆ. ಪೈಲ್ವಾನರು ಅಖಾಡದ ಮಣ್ಣನ್ನು ಗುದ್ದಲಿಯಿಂದ ಅಗೆದು ತಿರುವಿ ಹದ ಮಾಡುತ್ತಾರೆ. ಅದೂ ಅವರ ಕಸರತ್ತಿನ ಭಾಗ. ಕಾಲುವೆ ತೋಡುವ ಕೂಲಿಯ ಕೈಯಲ್ಲೂ ಅದೇ ಗುದ್ದಲಿ, ಅದೇ ಮಣ್ಣು, ಅದೇ ಸುಮಾರು 5 ಮೆಟ್ ಶ್ರಮ. ಪೈಲ್ವಾನ ಅಗೆಯುವುದು ತುಸು ಹೊತ್ತು. ಮೈ ಕಾದು, ದಮ್ಮು ಹತ್ತಿದ ಮೇಲೆ ನಿಲ್ಲಿಸುತ್ತಾನೆ. ಆಮೇಲೆ ಮಾಲೀಸು, ಹಾಲು, ಬಾದಾಮಿ, ನಿದ್ದೆ. ಸ್ನಾಯು ಬಲಿಯುವುದು ಗುದ್ದಲಿ ಎತ್ತಿದಾಗ ಅಲ್ಲ, ಎತ್ತಿ ಇಟ್ಟು ಉಂಡು ಮಲಗಿದ ಮೇಲೆ. ಕೂಲಿಯವರು ಎಂಟು ತಾಸು ಅಗೆಯುತ್ತಾರೆ, ವಾರಕ್ಕೆ ಆರು ದಿನ. ಯಾವಾಗ ನಿಲ್ಲಿಸಬೇಕು ಎಂಬುದು ಅವರ ಕೈಯಲ್ಲಿಲ್ಲ. ತುಂಡುಗುತ್ತಿಗೆ ಆದರಂತೂ ನಿಂತಷ್ಟೂ ನಷ್ಟ.

ಇದನ್ನು ಅಂಕಿಯಲ್ಲಿ ಹೇಳಬಹುದು. ಒಬ್ಬರ ಗರಿಷ್ಠ ದಮ್ಮಿನ ಮೂರನೇ ಒಂದು ಭಾಗದಷ್ಟು ಶ್ರಮವನ್ನು ಎಂಟು ತಾಸು ತಾಳಬಹುದು ಎಂಬುದು ಶ್ರಮಶಾಸ್ತ್ರದ ಹಳೆಯ ಲೆಕ್ಕ. ಗರಿಷ್ಠ ಸಾಮರ್ಥ್ಯ 9 ಮೆಟ್ ಇರುವವರಿಗೆ ಆ ಮಿತಿ 3. ಅವರು 5 ಮೆಟ್‌ನಲ್ಲಿ ದಿನವಿಡೀ ಅಗೆದರೆ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಹಿಂಡಿದಂತೆ. ರಾತ್ರಿ ಮಲಗಿದಾಗಲೂ ಎದೆಬಡಿತ ಪೂರ್ತಿ ಇಳಿದಿರುವುದಿಲ್ಲ. 12 ಮೆಟ್ ಸಾಮರ್ಥ್ಯದ ಗಟ್ಟಿಗನಿಗೆ ಮಿತಿ 4, ಅವನಿಗೆ ಅದೇ ಕೆಲಸ ಅಷ್ಟು ಭಾರವಲ್ಲ. ವಯಸ್ಸಾದಂತೆ ಸಾಮರ್ಥ್ಯ ಇಳಿಯುತ್ತದೆ, ಗುದ್ದಲಿಯ ತೂಕ ಇಳಿಯುವುದಿಲ್ಲ. ಐವತ್ತರ ನಂತರ ಕೂಲಿ ‘ಆಗ್ತಾ ಇಲ್ಲ’ ಅನ್ನಿಸುವುದು ಸೋಮಾರಿತನದಿಂದಲ್ಲ.

ಭಾರ ಹೊರುವುದರ ಕಥೆ ಇನ್ನೂ ಬೇರೆ. ನಡೆಯುವಾಗ ಕಾಲಿನ ಸ್ನಾಯು ಬಿಗಿಯುತ್ತ ಸಡಿಲುತ್ತ ಇರುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ. ಐವತ್ತು ಕೆ.ಜಿ. ಸಿಮೆಂಟ್ ಚೀಲ ಹೆಗಲಿಗೇರಿದಾಗ ಕುತ್ತಿಗೆ, ಬೆನ್ನು, ತೋಳಿನ ಸ್ನಾಯುಗಳು ಬಿಗಿದೇ ಇರುತ್ತವೆ. ಒಳಗಿನ ರಕ್ತನಾಳ ಹಿಸುಕಿಹೋಗಿ, ಹೃದಯ ಮುಚ್ಚಿದ ಬಾಗಿಲಿಗೆ ತಳ್ಳಿದಂತೆ ತಳ್ಳಬೇಕಾಗುತ್ತದೆ. ಬಿಪಿ ಏರುತ್ತದೆ. ಉಸಿರು ಬಿಗಿಹಿಡಿದು ಎತ್ತಿದರೆ ಕ್ಷಣಮಾತ್ರಕ್ಕೆ ಇನ್ನೂ ಏರುತ್ತದೆ. ಎಲ್ಲ ಅನುಕೂಲ ಇದ್ದಾಗಲೂ ಒಬ್ಬರೇ ಎತ್ತಲು ತಕ್ಕ ಭಾರ 23 ಕೆ.ಜಿ. ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಸೂತ್ರ ಹೇಳುತ್ತದೆ. ನಮ್ಮ ಒಂದು ಸಿಮೆಂಟ್ ಚೀಲ ಅದರ ಎರಡು ಪಟ್ಟಿಗೂ ಮಿಗಿಲು. ಬಿಪಿ ಇದ್ದೂ ಗೊತ್ತಿಲ್ಲದ ಹಮಾಲಿಗೆ ಈ ‘ವ್ಯಾಯಾಮ’ ಎಷ್ಟು ಅಪಾಯ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆಯಾದ ಕೆಲವೇ ವಾರಕ್ಕೆ ಸಿಂಬೆ ಇಟ್ಟು ಜಲ್ಲಿ ಬಾಂಡ್ಲಿ ಹೊರುವ ಹೆಂಗಸರಿಗೆ ಗರ್ಭಕೋಶ ಜಾರುವ ಅಪಾಯವೂ ಇದೆ.

ಬಿಸಿಲು ಇದಕ್ಕೆ ಸೇರಿಕೊಂಡರೆ ಎದೆಬಡಿತ ಮತ್ತಷ್ಟು ಏರುತ್ತದೆ, ಯಾಕೆಂದರೆ ಮೈ ತಣಿಸಲು ಚರ್ಮಕ್ಕೂ ರಕ್ತ ಕಳಿಸಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ಹೊತ್ತನ್ನು ಬೆಳಿಗ್ಗೆಗೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂತವರಿಗೆ ಇರುವ ಈ ರಿಯಾಯಿತಿ ಖಾಸಗಿ ಕಟ್ಟಡದ ಸೆಂಟ್ರಿಂಗ್ ಮೇಲೆ ನಿಂತವರಿಗೆ ಯಾಕಿಲ್ಲವೋ.

ರೈತರ ಬಗ್ಗೆ ಒಂದು ಮಾತು. ‘ಹೊಲದಲ್ಲಿ ದುಡಿಯುವವರು’ ಎಂದೊಡನೆ ‘ಹೌದು’ ಎಂದು ತುಂಬಿಬಿಡುವ ರೂಢಿ ಇದೆ. ಟ್ರ್ಯಾಕ್ಟರ್ ಉಳುತ್ತದೆ, ನಾಟಿ ಯಂತ್ರ ನೆಡುತ್ತದೆ, ಕಂಬೈನ್ ಕೊಯ್ದು ಒಕ್ಕುತ್ತದೆ, ಗದ್ದೆಗೆ ಹೋಗುವುದು ಬೈಕಿನಲ್ಲಿ. ಕೈಯಿಂದ ಮಾಡುವ ಕಡೆಯೂ ಅದು ಸುಗ್ಗಿ–ನಾಟಿಯ ಕೆಲವು ವಾರಗಳ ಮಾತು. ಬಿರುಸು ನಿಲ್ಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ಗಳಿಸಿದ ದಮ್ಮು ಇಳಿಯತೊಡಗುತ್ತದೆ. ಮಳೆಯಾಶ್ರಿತ ಊರುಗಳಲ್ಲಿ ಬೇಸಿಗೆಯೆಲ್ಲ ಕಟ್ಟೆಯ ಮೇಲೆ ಕಳೆದವರಿಗೆ ಜೂನ್‌ನ ಲೆಕ್ಕ ಏಪ್ರಿಲ್‌ನಲ್ಲಿ ಹೊಂದುವುದಿಲ್ಲ. ಐಸಿಎಂಆರ್–ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಸಮೀಕ್ಷೆಯ 2023ರ ವರದಿಯಲ್ಲಿ ಸಕ್ಕರೆ ಕಾಯಿಲೆ ನಗರದಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9. ಹಳ್ಳಿಯ ಅಂಕಿ ಇನ್ನು ಸಣ್ಣದೇನಲ್ಲ.

ಹಾಗಾದರೆ ಅಳೆಯುವುದು ಹೇಗೆ? ಸುಲಭದ್ದು ಮಾತಿನ ಪರೀಕ್ಷೆ. ಕೆಲಸ ಮಾಡುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆಗ ಅದು ಮಧ್ಯಮ. ಹಾಡು ಹೇಳಿಕೊಂಡು ಆರಾಮಾಗಿ ಕಳೆ ಕೀಳುತ್ತಿದ್ದರೆ ಅದು ಲೆಕ್ಕಕ್ಕಿಲ್ಲ. ಎರಡು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ಬಿರುಸು, ಅದರ ಒಂದು ನಿಮಿಷ ಮಧ್ಯಮದ ಎರಡಕ್ಕೆ ಸಮ. ನಾಡಿ ನೋಡುವವರು ಕೆಲಸ ನಿಲ್ಲಿಸಿದ ತಕ್ಷಣ ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಲಿ: ನಲವತ್ತು ವರ್ಷದವರಿಗೆ 29ರಿಂದ 34, ಐವತ್ತೈದರವರಿಗೆ 26ರಿಂದ 31 ಬಂದರೆ ಮಧ್ಯಮ. ಒಂದು ನಿಮಿಷ ತಡಮಾಡಿ ಎಣಿಸಿದರೆ ಅಂಕಿ ಕೆಡುತ್ತದೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರ ನಾಡಿ ಅಷ್ಟಾಗಿ ಏರುವುದಿಲ್ಲ, ಅವರಿಗೆ ಮಾತಿನ ಪರೀಕ್ಷೆಯೇ ಗತಿ. ಬಿಸಿಲಿನಲ್ಲೂ ರಕ್ತಹೀನತೆಯಲ್ಲೂ ನಾಡಿ ಸುಳ್ಳು ಹೇಳುತ್ತದೆ.

ಹತ್ತು ನಿಮಿಷ ಬಿಡದೆ ಮಾಡಿದರೆ ಮಾತ್ರ ಲೆಕ್ಕ ಎಂಬ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ. ಮೂರು ನಿಮಿಷದ ಮೆಟ್ಟಿಲು, ಐದು ನಿಮಿಷದ ಬಟ್ಟೆ ಒಗೆತ ಎಲ್ಲವೂ ಸೇರುತ್ತದೆ. ವ್ಯಾಯಾಮ ಮಾಡದ 25,000ಕ್ಕೂ ಹೆಚ್ಚು ಬ್ರಿಟನ್ ನಿವಾಸಿಗಳ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ನೋಡಿದ ಅಧ್ಯಯನದಲ್ಲಿ (2022), ದಿನಕ್ಕೆ ಮೂರು ಸಲ ಒಂದೆರಡು ನಿಮಿಷ ಬಿರುಸಾಗಿ ಓಡಾಡಿದವರಲ್ಲಿ, ಅಂದರೆ ಬಸ್ಸಿಗೆ ಓಡಿದವರಲ್ಲಿ, ಚೀಲ ಹೊತ್ತು ಮೆಟ್ಟಿಲು ಹತ್ತಿದವರಲ್ಲಿ, ಸಾವಿನ ಪ್ರಮಾಣ ಮೂರನೇ ಒಂದು ಭಾಗಕ್ಕೂ ಮಿಗಿಲಾಗಿ ತಗ್ಗಿತ್ತು.

ದಮ್ಮಿನ ಲೆಕ್ಕ ಸರಿಹೋದರೂ ಇನ್ನೊಂದು ಬಾಕಿ ಉಳಿಯುತ್ತದೆ. ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸವೂ ಬೇಕು, ಅರವತ್ತೈದು ದಾಟಿದವರಿಗೆ ಸಮತೋಲನದ್ದೂ ಬೇಕು. ದುಡಿಮೆ ಇಲ್ಲಿ ಎಡವುತ್ತದೆ. ಇಪ್ಪತ್ತು ವರ್ಷದಿಂದ ಅದೇ 15 ಲೀಟರ್ ಕೊಡ ಹೊತ್ತರೆ ಇದ್ದ ಬಲ ಉಳಿದೀತು, ಬೆಳೆಯುವುದಿಲ್ಲ. ಸ್ನಾಯು ಬೆಳೆಯಲು ಭಾರವೋ ಸಂಖ್ಯೆಯೋ ಮೆಲ್ಲಗೆ ಏರಬೇಕು. ಮೇಲಾಗಿ ದುಡಿಮೆ ಒಮ್ಮುಖ. ನಾಟಿ, ಕಳೆ, ಗುಡಿಸುವುದು, ಒರೆಸುವುದು ಎಲ್ಲವೂ ಮುಂದಕ್ಕೆ ಬಾಗಿಸುತ್ತವೆ. ಬೆನ್ನನ್ನು ಹಿಂದಕ್ಕೆ ಎಳೆಯುವ ಕೆಲಸ ಮನೆಯಲ್ಲೂ ಹೊಲದಲ್ಲೂ ಇಲ್ಲ. ಕಬ್ಬು ಕಡಿಯುವವರ ಬಲ ಹೆಗಲು ಎಡಕ್ಕಿಂತ ದಪ್ಪ, ನೋವೂ ಅಲ್ಲಿಯೇ. ಪರೀಕ್ಷಿಸಬೇಕೆಂದರೆ ತೋಳಿಲ್ಲದ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಣಿಸಿ. ಅರವತ್ತರಿಂದ ಅರವತ್ತನಾಲ್ಕರ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 14ಕ್ಕಿಂತ ಕಡಿಮೆಯಾದರೆ ತೊಡೆಯ ಬಲ ಸಾಲದು. ಜೀವಮಾನವೆಲ್ಲ ದುಡಿದವರೂ ಇದರಲ್ಲಿ ಬೀಳುವುದುಂಟು.

ಕೊರತೆ ತುಂಬುವ ಬಗೆ ಇಬ್ಬರಿಗೂ ಒಂದೇ ಅಲ್ಲ. ಮನೆಗೆಲಸದವರಿಗೆ ಬೇಕಾದದ್ದು ತುಸು ಬಿರುಸು ಮತ್ತು ಬಲ: ಒಂದೇ ಕೈಯಲ್ಲಿ ತುಂಬಿದ ಬಕೆಟ್ ಬದಲು ಎರಡು ಕೈಗೆ ಅರ್ಧರ್ಧ, ಮೆಟ್ಟಿಲನ್ನು ದಿನಕ್ಕೆ ಮೂರು ಸಲ ಒಂದು ನಿಮಿಷ ಚುರುಕಾಗಿ, ಕುಕ್ಕರ್ ಕೂಗುವಷ್ಟರಲ್ಲಿ ಗೋಡೆಗೆ ಕೈಯೂರಿ 10 ದಂಡ, ಕುರ್ಚಿಯಿಂದ 10 ಸಲ ಎದ್ದು ಕೂರುವುದು, ಹಿಮ್ಮಡಿ ಎತ್ತಿ ಇಳಿಸುವುದು 15 ಸಲ. ಎರಡು ವಾರಕ್ಕೊಮ್ಮೆ ಎರಡೆರಡು ಏರಿಸಬೇಕು. ಮಂಡಿ ನೋವಿದ್ದವರು ಕುಕ್ಕರಗಾಲಿನಲ್ಲಿ ಕೂತು ಒರೆಸುವುದು ಬಿಟ್ಟು ಉದ್ದ ಹಿಡಿಯ ಒರೆಸುಕೋಲು ಹಿಡಿಯಲಿ. ಹಳೇ ಪದ್ಧತಿಯೇ ವ್ಯಾಯಾಮ ಎಂಬ ಹಟದಲ್ಲಿ ಮೂಳೆ ಸವೆಸಿಕೊಳ್ಳಬಾರದು.

ಭಾರೀ ಕೆಲಸದವರಿಗೆ ‘ಸಂಜೆ ಓಡಿ’ ಎನ್ನುವುದು ಸಲಹೆಯಲ್ಲ, ಕ್ರೌರ್ಯ. ಡೆನ್ಮಾರ್ಕಿನ ಕ್ಲೀನರ್‌ಗಳಿಗೆ ಕೆಲಸದ ನಡುವೆ ದಮ್ಮಿನ ವ್ಯಾಯಾಮ ಮಾಡಿಸಿದಾಗ ಸಾಮರ್ಥ್ಯವೇನೋ ಏರಿತು, ಜೊತೆಗೆ ಬಿಪಿಯೂ ತುಸು ಏರಿತು. ಅವರಿಗೆ ಮೊದಲು ಬೇಕಾದದ್ದು ಬಿಡುವು. ಬಾಗಿ ಮಾಡುವ ಕೆಲಸದಲ್ಲಿ ಅರ್ಧ ತಾಸಿಗೊಮ್ಮೆ ಎದ್ದು, ಸೊಂಟಕ್ಕೆ ಎರಡೂ ಕೈ ಕೊಟ್ಟು ಐದು ಸಲ ಹಿಂದಕ್ಕೆ ಬಾಗಬೇಕು. ಐವತ್ತು ಕೆ.ಜಿ. ಚೀಲವನ್ನು ಇಬ್ಬರು ಎತ್ತಿ ಒಬ್ಬರ ಹೆಗಲಿಗೆ ಇಡಬೇಕು, ನೆಲದಿಂದ ಒಬ್ಬರೇ ಎಳೆಯಬಾರದು. ಭಾರ ಮೈಗೆ ಅಂಟಿರಬೇಕು, ಎತ್ತುವಾಗ ಉಸಿರು ಬಿಡಬೇಕು, ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಬೇಕು. ಬೆನ್ನು ಹಿಡಿದುಕೊಳ್ಳುವುದು ಬಹಳ ಸಲ ಎತ್ತುವಾಗ ಅಲ್ಲ, ಎತ್ತಿ ತಿರುಚುವಾಗ. ಮಧ್ಯಾಹ್ನ ನೆರಳಿನಲ್ಲಿ ಹತ್ತು ನಿಮಿಷ ಕಾಲು ಮೇಲಿಟ್ಟು ಮಲಗುವುದು ಮೈಗಳ್ಳತನ ಅಲ್ಲ ಎಂದು ಮೇಸ್ತ್ರಿಗಳಿಗೆ ಯಾರಾದರೂ ತಿಳಿಹೇಳಬೇಕು. ಆರು ತಿಂಗಳಿಗೊಮ್ಮೆ ಬಿಪಿ ನೋಡಿಸಲೇಬೇಕು.

ಇನ್ನು ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ಭಾನುವಾರ ತೆಂಗಿನ ಬುಡ ಬಿಡಿಸುತ್ತೇನೆ ಎಂದು ಹಾರೆ ಹಿಡಿಯುವವರು: ಮೊದಲ ವಾರ 15 ನಿಮಿಷ ಸಾಕು. ಎದೆ ಬಿಗಿದರೆ, ಎಡತೋಳು ಅಥವಾ ದವಡೆಗೆ ನೋವು ಹರಿದರೆ ಹಾರೆ ಬಿಟ್ಟು ಆಸ್ಪತ್ರೆಗೆ ಹೊರಡಬೇಕು, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತ ಕೂರಬಾರದು.

ಆರೋಗ್ಯ ಇಲಾಖೆಗೆ ಒಂದು ವಿನಂತಿ. ನಮೂನೆ ಬದಲಿಸುವುದು ದೂರದ ಮಾತು. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಆ ಪ್ರಶ್ನೆಯನ್ನು ನಾಲ್ಕಾಗಿ ಒಡೆದು ಕೇಳಲು ಕಲಿಸಿದರೆ ಸಾಕು. ದಿನದಲ್ಲಿ ಮಾತಾಡಲು ಆಗುವ, ಆದರೆ ಹಾಡಲು ಆಗದಷ್ಟು ಉಸಿರು ಏರುವ ಕೆಲಸ ಎಷ್ಟು ಹೊತ್ತು? ವರ್ಷದಲ್ಲಿ ಎಷ್ಟು ತಿಂಗಳು? ಸುಸ್ತಾದಾಗ ನಿಲ್ಲಿಸಲು ನಿಮಗೆ ಆಗುತ್ತದೆಯೇ? ಬೆಳಿಗ್ಗೆ ಏಳುವಾಗ ಹಿಂದಿನ ದಿನದ ದಣಿವು ಆರಿರುತ್ತದೆಯೇ? ಮೊದಲ ಎರಡರ ಉತ್ತರ ನೋಡಿ 150 ನಿಮಿಷದ ಗುರುತು ಹಾಕಲಿ. ಕೊನೆಯ ಎರಡಕ್ಕೂ ‘ಇಲ್ಲ’ ಎಂದವರನ್ನು, ಒಟ್ಟು ಅಂಕ 4 ದಾಟದಿದ್ದರೂ, ಅದೇ ವಾರ ಬಿಪಿ ತಪಾಸಣೆಗೆ ಕರೆಯಲಿ.

– ಕೆಲವು ಫಿಸಿಯೋಥೆರಪಿಸ್ಟ್‌ಗಳು ಮತ್ತು ವೈದ್ಯರು, ಶಿವಮೊಗ್ಗ